ಖಾಲಿ ಚೌಕ

ಶ್ಯಾಮಲಾ ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ ಹೊರಗೆ ಬಿದಿರು ಸೀಳುವ ಸದ್ದು ನಿಂತಿತು. ಬೇತಮಂಗಲದಿಂದ ಬಂದಿದ್ದ ಭಾವ ಮುನಿರಾಜ್, ಚಟ್ಟ ಕಟ್ಟುವವರೊಂದಿಗೆ ಮಾತಾಡುತ್ತಿದ್ದುದು ಕಿಟಕಿಯಿಂದ ಕೇಳಿಸಿತು.

"ನಮ್ ಸುಧಾಕರ ಒಳ್ಳೇವ್ನು ಕಣ್ಲಾ. ಆದ್ರೆ ಒಂದೊರ್ಸ ಪೂರಾ ಆ ಕಂಪ್ಯೂಟರ್ ಮುಂದೆ ಕೂತು ಯಾರಿಗೋ ಬಿಟ್ಟಿ ಚಾಕ್ರಿ ಮಾಡ್ದ. ಅಬ್ಬಕ್ಕೂ ಊರಿಗ್ ಬರ್ಲಿಲ್ಲ. ಯಾತಕ್ಕೋ, ನಂಗಂತೂ ತಿಳೀಲಿಲ್ಲ."

ಆ ಮಾತಿನಲ್ಲಿ ಕೋಪವಿರಲಿಲ್ಲ. ತಮ್ಮ ಬರಲಿಲ್ಲವಲ್ಲ ಎಂಬ ಕೊರಗಷ್ಟೇ. ಯಾಕೆಂದು ಎದ್ದು ಹೋಗಿ ಹೇಳಬೇಕೆಂದು ಶ್ಯಾಮಲಾಳಿಗೆ ಅನ್ನಿಸಿತು. ಎಲ್ಲಿಂದ ಶುರು ಮಾಡುವುದೆಂದು ತೋಚಲಿಲ್ಲ.

* * *

ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಸುಧಾಕರನದು ಡಿಟಿಪಿ ಅಂಗಡಿ. ಮೈಸೂರು ಮೈನ್ಸ್ ಎಂಬ ಹಳೆಯ ಚಿನ್ನದ ಗಣಿಯ ಕಾರ್ಮಿಕರ ಲೈನಿನಲ್ಲಿ, ಅಂದರೆ ಸಾಲುಮನೆಗಳಲ್ಲಿ, ಇದ್ದ ಕದಿರಮ್ಮ ಒಂದು ದಿನ ಹಳೆಯ ಸಿ.ಡಿ.ಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಗಣಿ ಮುಚ್ಚಿದಾಗ ಕಾರ್ಮಿಕರು ಮಾಡಿಸಿದ್ದ ನೆನಪಿನ ಸಂಚಿಕೆ ಅದರಲ್ಲಿತ್ತು. ತೀರಿಹೋದ ಅವಳ ಗಂಡನ ಫೋಟೊ ಬೇರೆಲ್ಲೂ ಇರಲಿಲ್ಲ.

ಸುಧಾಕರ ಬಳಸುತ್ತಿದ್ದುದು ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಉಚಿತ ತಂತ್ರಾಂಶ. ಅದರಲ್ಲಿ ಸಂಚಿಕೆ ತೆರೆದಾಗ ಅಕ್ಷರಗಳೆಲ್ಲ ಬಂದವು. ಫೋಟೊಗಳಿದ್ದ ಕಡೆ ಬರೀ ಖಾಲಿ ಚೌಕ.

ಕದಿರಮ್ಮ ಪರದೆ ಮುಟ್ಟಿ, "ಇದ್ರೊಳಗೇ ಇದಾರಾ ಸಾಮಿ?" ಎಂದಳು.

"ಅವ್ರೆ ಕಣಮ್ಮಾ. ಕರ್ಕೊಂಡ್ ಬತ್ತೀನಿ."

ಹಳೆಯ ಚಿತ್ರವನ್ನು ಹೊಸ ರೂಪಕ್ಕೆ ತಿರುಗಿಸುವ ಬೇರೊಂದು ಸಾಧನ ಹುಡುಕಿ, ವಾರದೊಳಗೆ ಫೋಟೊ ತೆಗೆದುಕೊಟ್ಟ. ಅಲ್ಲಿಗೆ ಬಿಡಬಹುದಿತ್ತು.

"ಒಬ್ರಿಗ್ ಆಯ್ತು ಶ್ಯಾಮಲಾ," ಎಂದ ಊಟಕ್ಕೆ ಕೂತಾಗ. "ಇನ್ನೆಷ್ಟ್ ಜನ್ರ ಮನೇವ್ರು ಇಂಗೆ ಖಾಲಿ ಚೌಕದಲ್ಲಿ ಕುಂತವ್ರೋ."

ಚಿತ್ರ ತೆರೆಯಲು ತಂತ್ರಾಂಶದಲ್ಲೇ ಇದ್ದ ಸಾಧನ ಕೈಕೊಟ್ಟರೆ, ತಾನು ಹುಡುಕಿದ ಈ ಎರಡನೆಯದನ್ನು ಅದು ತಾನಾಗಿಯೇ ಕರೆದು ಚಿತ್ರ ತೋರಿಸುವಂತೆ ಮಾಡಲು ಹೊರಟ. ಅದಕ್ಕೆ ಬೇಕಾದ ಕೋಡ್ ಬರೆಯುವುದನ್ನು ಕಲಿತು, ಬರೆದು ಕಳಿಸಿದ. ಆ ತಂತ್ರಾಂಶವನ್ನು ನೋಡಿಕೊಳ್ಳುವ ಯಾವುದೋ ದೇಶದವರು ತಪ್ಪು ತೋರಿಸಿ ವಾಪಸು ಕಳಿಸಿದರು. ತಿದ್ದಿದ. ಮತ್ತೆ ವಾಪಸು ಬಂತು. ಮತ್ತೆ ತಿದ್ದಿದ. ಹೀಗೇ ವರ್ಷ ಕಳೆದು, ಕೊನೆಗೆ ಅವರು ಒಪ್ಪಿಕೊಂಡ ದಿನ ಹಗಲಲ್ಲೇ ಅಂಗಡಿ ಮುಚ್ಚಿ ಹೆಂಡತಿಯನ್ನು ಪಾನಿಪುರಿ ಗಾಡಿಗೆ ಕರೆದೊಯ್ದ. ಖಾರಕ್ಕೋ ಖುಷಿಗೋ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ನಗುತ್ತಲೇ ಇದ್ದ.

* * *

ಹೆಣ ಎತ್ತುವ ಹೊತ್ತಿಗೆ ಕದಿರಮ್ಮ ತನ್ನ ಲೈನಿನ ಹೆಂಗಸರೊಂದಿಗೆ ಬಸ್ಸಿಳಿದು ಬಂದಳು. ಎಲ್ಲರೂ ಸುತ್ತ ಕೂತು, ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ, ಸತ್ತವರ ಗುಣ ಹಾಡಿ ಅಳುವ ಒಪ್ಪಾರಿ ಎತ್ತಿದರು. ಅರ್ಧ ತಮಿಳು, ಅರ್ಧ ಕನ್ನಡ. ಕನ್ನಡದ ಸಾಲುಗಳು ಶ್ಯಾಮಲಾಳಿಗೆ ತಿಳಿದವು:

"ಮಣ್ಣಾದ ಮೊಗವ ಮನೆಗೆ ತಂದ ಮಗನೇ,
ಕಾಣದೂರ ಹೆಣ್ಣಿಗೂ ಗಂಡನ್ನ ತೋರ್ಸಿದೋನೇ..."

ಮುನಿರಾಜ್ ಹತ್ತಿರ ಬಂದು ಕೇಳಿದ. "ಯಾರಮ್ಮಾ ನೀನು? ನಮ್ಮುಡ್ಗ ಏನ್ ಮಾಡ್ದ ನಿಂಗೆ?"

ಅವಳು ಮೂಗೊರೆಸಿಕೊಂಡು ಎಲ್ಲ ಹೇಳಿದಳು. "ನಂಗೊಬ್ಬಳಿಗಲ್ಲ ಅಣ್ಣಾ. ಎಲ್ಲೆಲ್ಲೋ ಇರೋರ್ಗೂ ಅವ್ರವ್ರ ಫೋಟೊ ಸಿಗೋ ಅಂಗೆ ಮಾಡವ್ನೆ."

ಮುನಿರಾಜ್ ತಮ್ಮನ ಮುಖವನ್ನೇ ನೋಡುತ್ತ ನಿಂತ. "ನಂಗೊಂದ್ ಮಾತ್ ಏಳ್ಬಾರ್ದಾಗಿತ್ತೇನ್ಲಾ," ಎಂದು ಮೆಲ್ಲಗೆ ಗದರಿ, ಅವನ ಕೆದರಿದ ಕೂದಲನ್ನು ಅಂಗೈಯಲ್ಲಿ ಸವರಿ ಕೂರಿಸಿದ.

ಹೆಂಗಸರು ಸರಿದು ಶ್ಯಾಮಲಾಳಿಗೆ ಜಾಗ ಮಾಡಿದರು. ಎರಡೂ ಕಡೆಯಿಂದ ಬೆಚ್ಚನೆಯ ತೋಳುಗಳು ಹೆಗಲಿಗೆ ಬಂದವು. ಪದ ಬಾರದಿದ್ದರೂ ಅವಳು ಅವರ ತೂಗಾಟದೊಳಗೆ ಸೇರಿ, ಹಿಂದಕ್ಕೂ ಮುಂದಕ್ಕೂ ತೂಗತೊಡಗಿದಳು.