ತಗ್ಗುವ ಕುರ್ಚಿ

ಕಾಲು ನೆಲ ಮುಟ್ಟದಿದ್ದರೆ? ಕುಲಪತಿಗಳ ಕುರ್ಚಿಯತ್ತ ನಡೆಯುವಾಗ ಅವಳನ್ನು ಕೊರೆಯುತ್ತಿದ್ದುದು ಇದೊಂದೇ.

'ವಿಜ್ಞಾನದಲ್ಲಿ ಮಹಿಳಾ ನಾಯಕತ್ವ' ಸಮಿತಿಯ ಐವರೂ, ಕುಲಪತಿಗಳೂ ಸೇರಿ, ಕುರ್ಚಿಯ ಹಿಂದೆ ಸಾಲಾಗಿ ನಿಂತಿದ್ದರು. ಐವರೂ ಗಂಡಸರು. ಕೈಪಿಡಿಯ ಮುಖಪುಟಕ್ಕೆ ಒಬ್ಬ ಹೆಂಗಸು ಬೇಕಾಗಿತ್ತು. ಲೇಸರ್ ಪ್ರಯೋಗಾಲಯದಿಂದ ಅವಳನ್ನು ಕರೆಸಿದ್ದರು.

"ಕೂತ್ಕೋಮ್ಮ, ಸಂಕೋಚ ಬೇಡ. ನಾಳೆ ಈ ಕುರ್ಚಿ ನಿಂದೇ," ಎಂದರು ಕುಲಪತಿ.

"ನಾಳೆ ರಜಾ ಸರ್," ಎಂದರು ಸಮಿತಿಯ ಕಾರ್ಯದರ್ಶಿ.

ಕೂತಳು. ಕಾಲು ಮುಟ್ಟಲಿಲ್ಲ. ಮೇಜಿನ ಮರೆಯಲ್ಲಿ ಎರಡು ಚಪ್ಪಲಿಗಳು ತೇಲಿದವು.

ಪ್ರಯೋಗಾಲಯದ ಹೊಸ ಮುಖ್ಯಸ್ಥರ ಹೆಸರು ಇವತ್ತೇ ಹೊರಬೀಳುವುದಿತ್ತು. ಲೇಸರ್ ಯಂತ್ರವನ್ನು ತಿರುಪು ತಿರುಪಾಗಿ ಜೋಡಿಸಿದವಳು ಅವಳು. ಆದರೆ ಬಾಯಿಬಿಟ್ಟು ಕೇಳುವುದು ಹೇಗೆ? ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ವಾಕ್ಯ ಗಂಟಲಲ್ಲೇ ಕಾಲು ಚಾಚಿ ಮಲಗಿತ್ತು.

"ನಗಿ ಮೇಡಂ," ಎಂದ ಫೋಟೋದವನು.

ನಕ್ಕಳು. ಕುರ್ಚಿ ಸುಸ್ಸೆಂದು ಒಂದಿಷ್ಟು ತಗ್ಗಿತು.

"ಅದು ಹಾಗೇನೇ," ಕುಲಪತಿ ಸಮಾಧಾನ ಹೇಳಿದರು. "ನಾನು ಕೂತ್ರೂ ಇಳಿಯತ್ತೆ. ಆದ್ರೆ ನಾನು ಎತ್ತರ ನೋಡು, ಗೊತ್ತಾಗಲ್ಲ."

ಕಾರ್ಯದರ್ಶಿ ಕಪಾಟಿನಿಂದ ಸಮಾನತೆಯ ವಾರ್ಷಿಕ ವರದಿಗಳನ್ನು ತಂದು ಅವಳ ಕೆಳಗೆ ಪೇರಿಸಿದರು. "ಅಬ್ಬ, ಅಂತೂ ಉಪಯೋಗಕ್ಕೆ ಬಂದ್ವು!"

ಫೋಟೋದವನು ಲೆನ್ಸ್ ಒರೆಸುವಷ್ಟರಲ್ಲಿ ವರದಿಗಳು ಒಂದೊಂದಾಗಿ ಜಾರಿ ಬಿದ್ದವು. ಅವಳ ಗದ್ದ ಮೇಜಿನ ಅಂಚಿಗೆ ಬಂತು.

ಸಾಲಿನಲ್ಲಿದ್ದ ಅವಳ ಸಹೋದ್ಯೋಗಿ, ಸುಡುಬೇಸಿಗೆಯಲ್ಲೂ ಟೈ ಬಿಚ್ಚದೆ 'ಟೈ' ಎಂದೇ ಹೆಸರಾದವನು, ಬಗ್ಗಿ ಪಿಸುಗುಟ್ಟಿದ: "ಮುಖ್ಯಸ್ಥ ನಾನೇ ಅಂತೆ. ಸಂಜೆ ಅತಿಥಿಗಳಿಗೆ ಯಂತ್ರ ತೋರಿಸ್ಬೇಕು. ಅದರ ಸ್ವಿಚ್ ಎಲ್ಲಿದೆ, ಸ್ವಲ್ಪ ಹೇಳ್ತೀರಾ?"

"ಎಡಗಡೆ," ಎಂದುಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

"ಮೇಡಂ, ತಲೆ ಎತ್ತಿ!"

"ಎತ್ತಿದೀನಿ."

ಸುಸ್. ಮೂಗು ಮುಳುಗಿತು, ಕಣ್ಣು ಮುಳುಗಿತು. ಎದುರಿಗೆ ಕುಲಪತಿಗಳ ಮೇಜಿನ ಒಳಬದಿ. ಅಲ್ಲಿ ಯಾರೋ ಅಂಟಿಸಿದ ಚೂಯಿಂಗ್ ಗಮ್ ಕಲ್ಲಾಗಿತ್ತು. ಅಷ್ಟರಲ್ಲಿ ಚಪ್ಪಲಿಗೆ ಏನೋ ತಗುಲಿತು. ನೆಲ.

"ಆ ಯಂತ್ರ ಕಟ್ಟಿದ್ದು ನಾನು," ಎಂದಳು, ಗಟ್ಟಿಯಾಗಿ.

"ಯಾರದು ಮಾತಾಡಿದ್ದು?" ಕುಲಪತಿ ಬಾಗಿಲ ಕಡೆ ತಿರುಗಿದರು.

ಕ್ಲಿಕ್.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನಾಲ್ವರು ನಗುತ್ತಿದ್ದರು, ಒಬ್ಬರು ಬಾಗಿಲು ನೋಡುತ್ತಿದ್ದರು. ನಡುವೆ, ಖಾಲಿ ಕುರ್ಚಿಯೊಂದರ ಮುಂದೆ, ಯಾರೋ ಮೇಜಿನ ಮೇಲೆ ಮರೆತುಹೋದ ಟೋಪಿಯಂತೆ ಒಂದಿಷ್ಟು ಕಪ್ಪು ಕೂದಲು.