ಬೋರಲು ಹಾಕುವ ಕೈ

ತಳ ಹಿಡಿದಿದೆ, ಹಾಲು ಒಲೆಯ ಮೇಲಿದ್ದಾಗ ಶೆಡ್ಡಿನ ಕಡೆಗೆ ಕಿವಿಯಿಟ್ಟು ನಿಂತೆನಲ್ಲ, ಅದರ ಫಲ, ಪಾತ್ರೆಯ ತಳದಲ್ಲಿ ಅಂಗೈಯಗಲ ಕರಿ, ಕೆರೆಯಬಾರದು, ಕೆರೆದರೆ ಪಾತ್ರೆಗೆ ಗೀರು, ನೀರು ಹಾಕಿ ನೆನೆಯಬಿಡಬೇಕು, ನೆನೆದದ್ದು ತಾನಾಗಿ ಬಿಡುತ್ತದೆ, ಬಿಡದೆ ಎಲ್ಲಿಗೆ ಹೋಗುತ್ತದೆ — ಆದರೆ ಶೆಡ್ಡಿನಲ್ಲಿ ಸದ್ದು ನಿಂತಿದೆ. ಸುತ್ತಿಗೆ ಇಲ್ಲ, ಸ್ಪ್ಯಾನರಿನ ಟಿಣಿಟಿಣಿ ಇಲ್ಲ, ಅಳಿಯನ ಸಿಳ್ಳೆಯೂ ಇಲ್ಲ, ಅವನ ಸಿಳ್ಳೆ ನಿಂತಿತೆಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಬಂತು ದನಿ, ಇಂಜಿನ್ ತಿರುಗ್ತಾ ಇಲ್ಲ ಕಣೇ, ನಿನ್ನಾಣೆಗೂ, ಮತ್ತೆ ಹಿಡ್ಕೊಂಡಿದೆ, ನನ್ನ ಮಗಳಿಗೆ ಹೇಳುತ್ತಿದ್ದಾನೆ, ಇಷ್ಟು ತಿಂಗಳು ಬಿಚ್ಚಿ, ಉಜ್ಜಿ, ಪಿಸ್ಟನ್ನಿಗೆ ಹೊಸ ರಿಂಗು ತೊಡಿಸಿ, ನಿನ್ನೆ ಸಂಜೆ ಎಲ್ಲ ಬಿಗಿದು ಮುಚ್ಚಿ ಎಣ್ಣೆ ತುಂಬಿದ ಮೇಲೆ, ಮತ್ತೆ. ಕೈ ನೀರೊಳಗಿದೆ, ಕೈಯೊಳಗೆ ನಾರು ಇದೆ, ಉಜ್ಜುವುದು ನಿಂತಿದೆ. ಮೆಲ್ಲಗೆ ರೀ, ಅಮ್ಮನಿಗೆ ಕೇಳುತ್ತೆ, ಎನ್ನುತ್ತಿದ್ದಾಳೆ ಮಗಳು. ಕೇಳುತ್ತದೆ ತಾಯಿ, ನನಗೆ ಎಲ್ಲ ಕೇಳುತ್ತದೆ, ಕೇಳದಿರುವುದು ನಿನ್ನ ದೊಡ್ಡಮ್ಮನಿಗೆ.

ಅಕ್ಕನ ಕಾಗದ ಬಂದು ತಿಂಗಳುಗಳಾದವು, ಓದಬಲ್ಲಳು, ಬರೆಯಲು ಕೈ ಓಡದು, ತನ್ನ ಮಗಳ ಕೈಯಲ್ಲಿ ಬರೆಸಿದ್ದಳು, ಬಲಗಿವಿ ಮುಚ್ಚೇಹೋಯ್ತು ಕಣೇ, ಎಡಗಿವೀಲಿ ಇನ್ನೂ ಚೂರು ಉಳಿದಿದೆ, ಅದೂ ಈ ವರ್ಷ ದಾಟಲ್ಲ ಅಂತಾರೆ ಡಾಕ್ಟ್ರು, ಪೂರ್ತಿ ಹೋಗೋದ್ರೊಳಗೆ ಒಂದ್ಸಲ ಅದರ ಸದ್ದು ಕೇಳ್ಬೇಕು, ಓಡ್ತಾ ಇದೆ ತಾನೇ? ಅದು ಎಂದರೆ ಟ್ರ್ಯಾಕ್ಟರು, ಯಾರೋ ಬೇಡವೆಂದು ಬಿಟ್ಟದ್ದನ್ನು ನಮ್ಮಪ್ಪ ಎಳೆದು ತಂದದ್ದು, ವಯಸ್ಸಿನಲ್ಲಿ ನನಗಿಂತ ಹಿರಿಯದು. ಗಂಡುಮಕ್ಕಳಿಲ್ಲದ ಮನೆ, ಅಕ್ಕ ಓಡಿಸಿದಳು, ನಾನು ಪಕ್ಕದ ಮಡ್‌ಗಾರ್ಡಿನ ಮೇಲೆ ಕೂತೆ, ಸುತ್ತಲಿನ ಹೊಲವೆಲ್ಲ ನಾವೇ ಉತ್ತೆವು, ಜನ ಅವಳನ್ನು ಡ್ರೈವರಮ್ಮ ಎಂದರು, ನನ್ನನ್ನು ಬಾಲ ಎಂದರು, ಬಾಲ ಬಂತು, ಡ್ರೈವರಮ್ಮ ಎಲ್ಲೋ ಮುಂದಿರ್ಬೇಕು. ಬೆಳಿಗ್ಗೆ ಹ್ಯಾಂಡಲ್ ತಿರುವಿ ಚಾಲೂ ಮಾಡಿದ ಮೇಲೆ ಅಕ್ಕ ತಕ್ಷಣ ಹತ್ತುತ್ತಿರಲಿಲ್ಲ, ಬಾನೆಟ್ಟಿನ ಎಡಮಗ್ಗುಲಿಗೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು, ಏನಕ್ಕಾ ಮಾಡ್ತಿದೀಯ, ಶ್, ಕೇಳ್ತಿದೀನಿ, ಕೈಯಲ್ಲಾ, ಹೂಂ, ಕಿವಿಗೆ ಬರೀ ಗಲಾಟೆ ಕಣೇ, ಕೈಗಾದ್ರೆ ಸರಿಯಾಗಿ ಗೊತ್ತಾಗುತ್ತೆ. ಎಷ್ಟು ಬೆಳಿಗ್ಗೆಗಳೋ, ಆ ಜಾಗದ ಬಣ್ಣ ಸವೆದು ತಗಡು ಹೊಳೆಯಿತು, ಐದು ಬೆರಳು ಸರಿಯಾಗಿ ಕಾಣದು, ಆದರೂ ನೋಡಿದವರಿಗೆ ಅಂಗೈ ಎಂದು ಗೊತ್ತಾಗುತ್ತದೆ. ಹೊಸ ಬಣ್ಣ ಹೊಡೆಯೋಣ ಅತ್ತೆ, ಮದುವಣಗಿತ್ತಿ ಥರ ಮಾಡ್ಬಿಡ್ತೀನಿ, ಅಂದ ಅಳಿಯ. ಎಲ್ಲಿ ಬೇಕಾದರೂ ಹೊಡೀರಿ, ಅಲ್ಲಿ ಬೇಡ, ಅಂದೆ. ಕಾಲು ಕೈಕೊಟ್ಟ ಮೇಲೆ ಅಕ್ಕ ಮಗಳ ಮನೆ ಸೇರಿದಳು, ಎರಡು ರೈಲು ಬದಲಿಸಬೇಕು ಅಲ್ಲಿಗೆ, ಫೋನಿನಲ್ಲಿ ಅವಳಿಗೆ ಒಂದು ಮಾತೂ ಹತ್ತುವುದಿಲ್ಲ, ಮಧ್ಯೆ ಇನ್ನೊಬ್ಬರ ಬಾಯಿಂದ ಹೇಳಿಸುವ ಮಾತೂ ಇದಲ್ಲ. ಓಡ್ತಾ ಇದೆ ತಾನೇ? ಏನೆಂದು ಬರೆಯಲಿ, ಹೊಗೆಕೊಳವೆಯ ಬಾಯಿಗೆ ನಾನು ಬೋರಲು ಹಾಕಿದ್ದ ಡಬ್ಬಿಯನ್ನು ಗಾಳಿ ಯಾವತ್ತೋ ಹೊತ್ತೊಯ್ದಿತ್ತು, ಶೆಡ್ಡಿನ ಮಾಡಿನ ತೂತಿನಿಂದ ಮಳೆನೀರು ನೇರ ಅದರೊಳಗೇ ಇಳಿದಿತ್ತು, ನಾಲ್ಕು ಸಿಲಿಂಡರುಗಳಲ್ಲಿ ಮೂರನೆಯದರಲ್ಲಿ ಪಿಸ್ಟನ್ನು ತುಕ್ಕು ಹಿಡಿದು ಗೋಡೆಗೆ ಕಚ್ಚಿಕೊಂಡು ಕೂತಿತ್ತು. ಓಡಿದ ದಿನ ಬರೆಯುತ್ತೇನೆ ಎಂದುಕೊಂಡೆ. ಉಳಿದದ್ದೆಲ್ಲ ಬರೆದೂ ಆಯಿತು, ರಾತ್ರಿಶಾಲೆಯಲ್ಲಿ ಕಲಿತ ಅಕ್ಷರದಲ್ಲಿ, ನಡುವೆ ಒಂದು ಸಾಲು ಖಾಲಿ ಬಿಟ್ಟು. ಇಲ್ಲೇನಜ್ಜಿ ಜಾಗ ಬಿಟ್ಟಿದೀರ, ಎಂದು ಕೇಳಿದಳು ಟೀಚರಮ್ಮ, ನನ್ನ ಮಗಳಿಗಿಂತ ಚಿಕ್ಕವಳು. ಅಲ್ಲಿ ಇಂಜಿನ್ ಬರ್ಬೇಕು ಟೀಚರೇ, ಅಂದೆ, ಕ್ಲಾಸೆಲ್ಲ ನಕ್ಕಿತು. ಕಾಗದ ಅಡುಗೆಮನೆಯ ಮೇಲಿನ ಹಲಗೆಯಲ್ಲಿದೆ, ಬೋಗುಣಿಯ ಕೆಳಗೆ. ಬೋಗುಣಿ ಬೋರಲು ಹಾಕಿದೆ, ಧೂಳು ಕೂರಬಾರದಲ್ಲ.

ಎಳೆದುಬಿಡೋಣ, ಎನ್ನುತ್ತಿದ್ದಾನೆ ಅಳಿಯ, ಹೊಸ ರಿಂಗು ಬಿಗಿ ಇರುತ್ತೆ, ಹಾಲಿನ ವ್ಯಾನಿನವನಿಗೆ ಫೋನ್ ಮಾಡ್ತೀನಿ, ಹಗ್ಗ ಕಟ್ಟಿ ಗೇರಲ್ಲಿಟ್ಟು ಎಳೆದ್ರೆ ಸಡಿಲ ಆಗೇ ಆಗುತ್ತೆ. ಒಳ್ಳೆಯವನೇ, ಲೇತ್ ಅಂಗಡಿಯ ಕೆಲಸ ಮುಗಿಸಿ ಬಂದು ಊಟಕ್ಕೂ ಮುಂಚೆ ಶೆಡ್ಡಿಗೆ ಹೋಗುವವನು, ನನ್ನ ಅಕ್ಕನಿಗಾಗಿ ಯಾರು ಮಾಡುತ್ತಾರೆ ಇಷ್ಟು, ಆದರೆ ಆತುರಗಾರ, ಸಕ್ಕರೆ ಕರಗುವ ಮುಂಚೆ ಟೀ ಕುಡಿದು ಸಪ್ಪೆ ಎನ್ನುವವನು. ಶುರುವಿಗೂ ಹೀಗೇ, ಇಂಜಿನ್ನಿನ ಮೇಲಿನ ಹೆಡ್ ಬಿಚ್ಚಿದ ದಿನವೇ ದೊಡ್ಡ ಸುತ್ತಿಗೆ ಹಿಡಿದು ನಿಂತಿದ್ದ, ಒಂದೇ ಏಟು ಅತ್ತೆ, ಗುದ್ದಿ ಹಣ್ಣು ಮಾಡೋಕಾಗುತ್ತೇನ್ರೀ ಅಳಿಯಂದ್ರೇ, ನೆನೀಲಿ ಬಿಡಿ. ಡೀಸೆಲ್ಲಿಗೆ ಎಣ್ಣೆ ಬೆರೆಸಿ ಪಿಸ್ಟನ್ನುಗಳ ನೆತ್ತಿಯ ಮೇಲೆ ತುಂಬಿದೆವು, ಉಳಿದ ಮೂರರಲ್ಲಿ ಎಣ್ಣೆ ನಿಧಾನವಾಗಿ ಇಳಿಯಿತು, ಮೂರನೆಯದರಲ್ಲಿ ಕೆರೆಯ ಹಾಗೆ ನಿಂತೇ ಇತ್ತು, ದಿನಾ ಅವನು ಉದ್ದನೆಯ ಸಲಾಕೆ ಸಿಕ್ಕಿಸಿ, ಪಿಸ್ಟನ್ನುಗಳನ್ನು ಏರಿಸಿಳಿಸುವ ಕ್ರ್ಯಾಂಕನ್ನು ಒಂದಿಷ್ಟು ಆಚೆ ಒಂದಿಷ್ಟು ಈಚೆ ಒತ್ತುವನು, ನಾನು ಬಲ್ಬು ಹಿಡಿದು ಬಗ್ಗಿ ನೋಡುವೆನು, ಇಂಜಿನ್ನಿಗಿಂತ ನೀವೇ ಗಟ್ಟಿ ಹಿಡ್ಕೊಂಡಿದೀರಿ ಅತ್ತೆ, ನಿಮ್ಮ ತಲೆಗೂ ಒಂದ್ಲೋಟ ಎಣ್ಣೆ ಹಾಕ್ಬೇಕು, ಹಾಕಿ, ಹರಳೆಣ್ಣೆ ಇದ್ರೆ ನೋಡಿ, ತಂಪು. ಕರಿ ಎಣ್ಣೆಯೊಳಗೆ ಬಲ್ಬು ಇನ್ನೊಂದು ಬಲ್ಬಾಗಿ ಮಲಗಿರುತ್ತಿತ್ತು, ಅಲುಗದೆ. ಒಂದು ದಿನ ಅದು ನಡುಗಿತು. ಅಲ್ಲಾಡ್ತು, ಅಂದೆ, ಎಲ್ಲಿ, ಏನೂ ಇಲ್ಲ, ಅಂದ, ದೀಪ ಅಲ್ಲಾಡ್ತು ಕಣ್ರೀ, ಕೆಳಗೆ ನೋಡಿ, ಇಬ್ಬರೂ ತಲೆ ತಲೆ ಬಡಿದುಕೊಂಡೆವು. ಹಾಗೆ ಬಿಟ್ಟದ್ದು ಅದು, ಕೂದಲೆಳೆಯಷ್ಟು, ಆಮೇಲೆ ಬೆರಳಿನಷ್ಟು, ಆಮೇಲೆ ಪೂರ್ತಿ. ಈಗ ವ್ಯಾನಿಗೆ ಕಟ್ಟಿ ಎಳೆದರೆ? ರಿಂಗಿನ ಬಿಗಿ ಇಷ್ಟಿರುವುದಿಲ್ಲ, ಸಲಾಕೆಗೂ ಜಗ್ಗದ ಬಿಗಿ ಬೇರೆಯೇ ಏನೋ, ಎಳೆದರೆ ಒಳಗಿನ ಬೇರಿಂಗು ಹರಿದುಹೋಗುತ್ತದೆ, ಕ್ರ್ಯಾಂಕು ಸೀಳುತ್ತದೆ, ಆ ಕ್ರ್ಯಾಂಕು ಇನ್ನು ಯಾವ ಗುಜರಿಯಲ್ಲೂ ಸಿಗುವುದಿಲ್ಲ, ಸಿಗುವ ಹೊತ್ತಿಗೆ ಎಡಗಿವಿ — ಏನು ತಪ್ಪಾಯಿತು, ಎಲ್ಲಿ, ಪ್ರತಿಯೊಂದು ಭಾಗವನ್ನೂ ಹಳೆಯ ದುಪ್ಪಟಿಯ ಮೇಲೆ ಬಿಚ್ಚಿದ ಸರದಿಯಲ್ಲೇ ಇಟ್ಟಿದ್ದೆವಲ್ಲ, ತೊಳೆದವಳು ನಾನೇ, ಸೀಮೆಎಣ್ಣೆಯಲ್ಲಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ, ಒಂದನ್ನು ತೊಳೆದು ಅದರ ಜಾಗಕ್ಕೇ ಇಟ್ಟು ಮುಂದಿನದನ್ನು ತೆಗೆದುಕೊಳ್ಳುವುದು, ಸರದಿ ತಪ್ಪಿಲ್ಲ, ಅಳಿಯ ಕೇಳಿದಾಗಲೂ ಹೇಳಿದೆ, ಸರದಿ ಒಂದೂ ತಪ್ಪಿಲ್ಲ ಎಂದು. ಹಾರ್ನು. ವ್ಯಾನು ಬಂದೇಬಿಟ್ಟಿತು, ಪಕ್ಕದ ಬೀದಿಯಲ್ಲೇ ಇದ್ದನೆಂದು ಕಾಣುತ್ತದೆ, ಗೇಟು ಕಿರುಗುಟ್ಟಿತು, ಹಗ್ಗ ಹೊಸದಾ ಅಣ್ಣಾ, ಎಂದ ವ್ಯಾನಿನವನು, ನಾನು ನಾರು ಬಿಟ್ಟೆ, ಪಾತ್ರೆ ಬೆಳಗಿ ಆಯಿತು, ಆ ಅಂಗೈಯಗಲದ ಕರಿ ಬಿಟ್ಟಿದೆ, ತೊಳೆದೆ, ನೀರು ಚೆಲ್ಲಿದೆ, ಕಟ್ಟೆಯ ಮೇಲೆ ಬೋರಲು ಹಾಕಿದೆ —

ಬೋರಲು. ಹಿಡಿ ನನ್ನ ಕಡೆಗಿತ್ತು, ಮಗುಚಿದಾಗ ಗೋಡೆಯ ಕಡೆಗೆ ಹೋಯಿತು. ಅಯ್ಯೋ ದೇವರೇ, ಕ್ಯಾಪು. ಕನೆಕ್ಟಿಂಗ್ ರಾಡಿನ ಕೆಳತುದಿಯನ್ನು ಕ್ರ್ಯಾಂಕಿಗೆ ಕಚ್ಚಿಸುವ ಅರ್ಧಬಳೆಯಂಥ ಕ್ಯಾಪು, ನಾಲ್ಕು, ಯಾವುದು ಯಾವ ರಾಡಿನದೋ ಅದಕ್ಕೇ ಹೋಗಬೇಕು, ಯಾವ ಮಗ್ಗುಲು ಯಾವ ಕಡೆಗಿತ್ತೋ ಆ ಕಡೆಗೇ ಕೂರಬೇಕು. ನಾನು ತೊಳೆದೆ, ಅದರ ಜಾಗಕ್ಕೇ ಇಟ್ಟೆ, ನೀರಿಳಿಯಲೆಂದು ಪಾತ್ರೆ ಮಗುಚುವ ಹಾಗೆ ಮಗುಚಿ ಇಟ್ಟೆ, ಅರವತ್ತು ವರ್ಷ ಮಗುಚಿದ ಕೈ ನನ್ನನ್ನು ಕೇಳುತ್ತದೆಯೇ, ಸರದಿ ಸರಿಯಾಗಿತ್ತು, ಮಗ್ಗುಲು ತಿರುವುಮುರುವು. ಉಳಿದ ಮೂರು ಕ್ಯಾಪಿಗೆ ಉಳಿಯಿಂದ ಕೊರೆದ ಗುರುತಿತ್ತು, ಅವನು ನೋಡಿ ಸರಿಯಾಗಿ ಕೂರಿಸಿರುತ್ತಾನೆ, ಮೂರನೆಯದರ ಗುರುತನ್ನು ತುಕ್ಕು ತಿಂದಿತ್ತು, ಅದಕ್ಕೆ ದುಪ್ಪಟಿಯನ್ನೇ ನಂಬಿದ, ದುಪ್ಪಟಿ ಎಂದರೆ ನನ್ನನ್ನು. ಚಪ್ಪಲಿ ಎಲ್ಲಿ, ಬೇಡ, ಕೈಯೆಲ್ಲ ಸೋಪು, ಅಂಗಳ ಇಷ್ಟು ಉದ್ದ ಯಾವಾಗಾಯಿತು, ಹಗ್ಗ ಕಟ್ಟಿಯಾಗಿದೆ, ಅಳಿಯ ಸೀಟಿನ ಮೇಲೆ, ಮಗಳು ಗೇಟಿನ ಹತ್ತಿರ, ವ್ಯಾನಿನ ಹೊಗೆ, ಹಗ್ಗ ನೆಲದಿಂದ ಮೇಲೆದ್ದಿತು, ನಿಲ್ಸೀ, ನಿಲ್ಸ್ರೋ, ಎಂದು ನನ್ನ ಬಾಯಿಂದ ಎಂಥ ದನಿ ಬಂತೋ, ಹೊಲದ ಆ ತುದಿಯಿಂದ ಅಕ್ಕನನ್ನು ಕರೆಯುತ್ತಿದ್ದ ದನಿ, ನಾನು ಹೋಗಿ ಹಗ್ಗವನ್ನು ದಾಟಿ ಬಾನೆಟ್ಟಿಗೆ ಒರಗಿಕೊಂಡೇ ನಿಂತೆ. ಅತ್ತೆ, ಚಕ್ರದಡೀಲಿ ಸಿಕ್ಕಿಹಾಕ್ಕೊಂಡಿದ್ರೆ ನನ್ನ ಗತಿ ಏನು, ನಿಮ್ಮಗಳು ನನ್ನ ಸುಮ್ನೆ ಬಿಡ್ತಿದ್ಲಾ, ಅಂದ, ಮುಖ ಬಿಳುಚಿತ್ತು. ಮೂರನೇದು, ಅಂದೆ, ಉಸಿರು ಬರಲಿಲ್ಲ, ಮೂರನೇ ಕ್ಯಾಪು ತಿರುಗಾಮುರುಗಾ ಆಗಿದೆ, ನಾನೇ ಮಾಡಿದ್ದು, ಬೋರಲು ಹಾಕ್ದೆ. ನೀವೇ ಅಲ್ವಾ ಅತ್ತೆ ಹೇಳಿದ್ದು ಸರದಿ ಸರಿ ಇದೆ ಅಂತ. ಸರದಿ ಸರಿ ಇದೆ ಕಣ್ರೀ. ಅವನು ಸ್ಟಿಯರಿಂಗಿಗೆ ಹಣೆ ಕೊಟ್ಟು ಕೂತ. ಒಂದೊಂದೇ ಬಿಗಿದು ತಿರುಗಿಸಿ ನೋಡ್ಬೇಕಿತ್ತು, ನಾಲ್ಕನ್ನೂ ಒಟ್ಟಿಗೆ ಬಿಗಿದುಬಿಟ್ಟೆ, ಎಂದು ತನಗೇ ಹೇಳಿಕೊಂಡ. ಹಗ್ಗ ಬಿಚ್ಚಲಾ, ಇಲ್ಲಾ ಅತ್ತೆ ಅಳಿಯ ಇಬ್ರನ್ನೂ ಕಟ್ಟಿ ಎಳೀಲಾ, ಎಂದ ವ್ಯಾನಿನವನು. ಮಗಳು ಹೋಗಿ ಹಗ್ಗ ಬಿಚ್ಚಿದಳು. ನನ್ನ ಸೋಪಿನ ಕೈ ಎಲ್ಲಿದೆ ಎಂದು ಆಮೇಲೆ ನೋಡಿಕೊಂಡೆ, ಆ ಹೊಳೆಯುವ ತಗಡಿನ ಮೇಲೇ ಇತ್ತು, ತಣ್ಣಗೆ, ಅಲುಗದೆ.

ಅಳಿಯ ಎಣ್ಣೆ ಇಳಿಸಿದ, ಇಂಜಿನ್ನಿನ ಕೆಳಗಿನ ಎಣ್ಣೆತೊಟ್ಟಿ ಬಿಚ್ಚಿದ, ಬೆನ್ನ ಮೇಲೆ ಮಲಗಿ ಒಳಗೆ ಕೈ ಹಾಕಿದ, ಮಗಳು ಸ್ಪ್ಯಾನರು ಕೊಟ್ಟಳು, ನಾನು ಬಲ್ಬು ಹಿಡಿದೆ, ಬಿಸಿಲು ಬಾಗಿಲಿನಿಂದ ಸರಿದು ಗೋಡೆ ಹತ್ತಿತು, ಮೂರನೆಯ ಕ್ಯಾಪು ಹೊರಗೆ ಬಂತು, ಬೇರಿಂಗಿನ ಒಂದಂಚಿನಲ್ಲಿ ಸಣ್ಣ ಹೊಳಪು, ಉಜ್ಜಿದೆ, ಹರಿದಿಲ್ಲ, ಹರಿದಿಲ್ಲ. ತಿರುಗಿಸಿ ಕೂರಿಸಿದ, ಬಿಗಿದ. ಸಲಾಕೆ ಹಾಕಿ ನೀವೇ ತಿರುಗಿಸಿ ಅತ್ತೆ, ಎಂದ ಕೆಳಗಿನಿಂದಲೇ, ನಾನು ತಿರುಗಿಸಿದೆ, ತಿರುಗಿತು, ಭಾರವಾಗಿ, ಜೇನುತುಪ್ಪದೊಳಗೆ ಚಮಚೆ ತಿರುಗಿದ ಹಾಗೆ, ನಿಲ್ಲದೆ. ಇನ್ಮೇಲೆ ನಿಮ್ಮ ಕೈಗೆ ಏನನ್ನೂ ತೊಳೆಯೋಕೆ ಕೊಡಲ್ಲ. ಹಾಗಾದ್ರೆ ಹಾಲಿನ ಪಾತ್ರೆ ನೀವೇ ಉಜ್ಜಿ. ಸಿಳ್ಳೆ ಶುರುವಾಯಿತು. ತೊಟ್ಟಿ ಮುಚ್ಚಿ ಎಣ್ಣೆ ತುಂಬಬೇಕು, ಹ್ಯಾಂಡಲ್ ತಿರುವಬೇಕು, ಹೊತ್ತಿಕೊಂಡೀತೋ ಇಲ್ಲವೋ, ಡೀಸೆಲ್ ನಳಿಗೆಯಲ್ಲಿ ಗಾಳಿ ಸಿಕ್ಕಿಕೊಂಡೀತು, ಇನ್ನೇನೋ ಎದುರಾದೀತು, ಇನ್ನು ಸ್ವಲ್ಪ ತಾಳೋಣ, ಓಡಿದ ದಿನ — ಅಡುಗೆಮನೆಯಲ್ಲಿ ನಿಂತಿದ್ದೇನೆ, ಯಾವಾಗ ಬಂದೆ, ಕೈ ಹಲಗೆಯ ಮೇಲಿದೆ. ಇಂಜಿನ್ ನೆನೆಯಿತು, ಬಿಟ್ಟಿತು, ಕಾಗದವನ್ನು ಏತಕ್ಕೆ ನೆನೆಹಾಕಿದ್ದೇನೆ, ಅಕ್ಕನ ಕಿವಿಯೇನು ತುಕ್ಕೇ, ಕಾದಷ್ಟೂ ಬಿಡುವುದಕ್ಕೆ. ಬೋಗುಣಿ ಎತ್ತಿದೆ, ನೆಟ್ಟಗೆ ಇಟ್ಟೆ. ಖಾಲಿ ಸಾಲಿನಲ್ಲಿ ಬರೆದೆ, ಅಕ್ಷರ ಹೊಲದ ಸಾಲಿನ ಹಾಗೆ ಡೊಂಕಾಯಿತು, ಅಕ್ಕಾ, ಜಾಮ್ ಆಗಿತ್ತು, ಬಿಚ್ಚಿ ಕಟ್ಟಿದ್ದೇವೆ, ಓಡುತ್ತದೋ ಇಲ್ಲವೋ ಗೊತ್ತಿಲ್ಲ, ನೀನು ಬಾ. ಲಕೋಟೆ ಅಂಟಿಸಿದೆ. ಅಂಚೆಡಬ್ಬ ಎಲ್ಲಿ ಎಂದು ಯಾರಾದರೂ ಕೇಳಿದರೆ ನಗಬೇಕು, ನಮ್ಮ ಶೆಡ್ಡಿನ ಬೀದಿಗೋಡೆಗೇ ಹೊಡೆದಿದ್ದಾರೆ, ಇಷ್ಟು ದಿನ ಗೋಡೆಯ ಆ ಬದಿಗೆ ನಾನು, ಈ ಬದಿಗೆ ಅದು. ಬೀದಿ, ಸಂಜೆ, ಸೈಕಲ್ಲೊಂದು ಹೋಯಿತು, ಗೋಡೆಯ ಒಳಗೆ ಅಳಿಯ ಹ್ಯಾಂಡಲ್ ತಿರುವುತ್ತಿದ್ದಾನೆ, ಹ್ಞಾ, ಹ್ಞಾ ಎಂಬ ಅವನ ಉಸಿರು, ಕಾಗದದ ಅರ್ಧ ಡಬ್ಬದ ಬಾಯೊಳಗೆ, ಅರ್ಧ ನನ್ನ ಬೆರಳಲ್ಲಿ, ಒಂದು ಕೆಮ್ಮು. ಕಾದೆ. ಇನ್ನೊಂದು ಕೆಮ್ಮು, ಆಮೇಲೆ ಏನೂ ಇಲ್ಲ. ಅಯ್ಯೋ ಎಂದಳು ಮಗಳು ಒಳಗೆ. ಏನೂ ಇಲ್ಲ. ಬಿಟ್ಟೆ, ಕಾಗದ ಬಿದ್ದ ಸಣ್ಣ ಸದ್ದು ಕೇಳಿತು, ಇನ್ನು ವಾಪಸು ತೆಗೆಯಲಾಗದು, ಡಬ್ಬಕ್ಕೇ ಕೈಯೂರಿ ನಿಂತೆ, ತಗಡು ತಣ್ಣಗಿದೆ, ಒಳಗೆ ಮತ್ತೆ ಅವನ ಉಸಿರು, ಹ್ಞಾ, ಕಣ್ಣು ಮುಚ್ಚಿದೆ, ಶ್, ಕೇಳ್ತಿದೀನಿ, ಸವೆದ ಬಣ್ಣ, ಹೊಳೆಯುವ ತಗಡು, ಅದರ ಮೇಲೆ ಅಂಗೈ, ತಗಡು, ಅಂಗೈ, ಅಂಗೈಯ ಕೆಳಗೆ ತಗಡು ನಡುಗುತ್ತಿದೆ