ತಾಗಿಸಬಾರದ ಗ್ಲಾಸು

ಕಾರ್ಖಾನೆಯ ಗೇಟಿನ ಹತ್ತಿರ ಕಾರು ನಿಧಾನವಾದಾಗ ಯೆಫಿಮ್ ಸವೇಲಿಚ್ ಕುಜೋವ್ಲೆವ್ ಕೋಟಿನ ಎದೆಗೆ ಚುಚ್ಚಿಕೊಂಡಿದ್ದ ಚುನಾವಣೆಯ ಬಿಲ್ಲೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಗೇಟಿನ ಎರಡೂ ಬದಿಯ ಗೋಡೆಗಳಿಂದ ಅವನದೇ ಮುಖ ಅವನನ್ನು ನೋಡಿ ನಗುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ‘ನಮ್ಮವನು, ನಮ್ಮ ಗವರ್ನರ್’ ಎಂದು ಬರೆದಿತ್ತು. ಭಾನುವಾರ ಮತದಾನ. ಇವತ್ತು ಗುರುವಾರ, ಸಾವಿನ ಊಟ.

“ಒಳಗೆ ಹೋಗಿ ಕೂತ್ಕೊಳ್ಳಿ, ಎರಡು ಮಾತಾಡಿ, ತಾಯಿನ ಅಪ್ಪಿಕೊಳ್ಳಿ, ಎದ್ದು ಬನ್ನಿ,” ಎಂದ ಪಕ್ಕದಲ್ಲಿದ್ದ ಆರ್ತುರ್. ಊರೂರು ತಿರುಗಿ ಚುನಾವಣೆ ಗೆಲ್ಲಿಸಿಕೊಡುವುದೇ ಅವನ ಕಸುಬು, ಮಾಸ್ಕೋದಿಂದ ಕರೆಸಿದ್ದರು. “ಫೋಟೋದವನನ್ನ ಬೇಡ ಅಂದಿದ್ದೀನಿ. ಫೋಟೋ ಇಲ್ದಿದ್ರೇನೇ ಜನ ಜಾಸ್ತಿ ಮಾತಾಡ್ಕೊಳ್ಳೋದು.”

“ನೀನು ಬಾಯಿ ಮುಚ್ಕೊಂಡು ಕೂತಿರು ಸಾಕು. ಫೋರ್ಕು ಕೇಳ್ಬೇಡ, ಸಾವಿನ ಮೇಜಿನ ಮೇಲೆ ಚಮಚ ಬಿಟ್ರೆ ಬೇರೆ ಇಡಲ್ಲ. ಗ್ಲಾಸಿಗೆ ಗ್ಲಾಸು ತಾಗಿಸ್ಬೇಡ, ಅದು ಆರೋಗ್ಯ ಹಾರೈಸೋ ಹಬ್ಬದೂಟಕ್ಕೆ.”

“ಅಷ್ಟು ನನಗೂ ಗೊತ್ತು ಯೆಫಿಮ್ ಸವೇಲಿಚ್. ನಾನೇನು ಚಂದ್ರಲೋಕದಿಂದ ಬಂದವನಾ?”

“ಮಾಸ್ಕೋ ಅದಕ್ಕಿಂತ ದೂರ.”

ಸತ್ತವನು ಯೆಗೋರ್. ಉಕ್ಕು ಕರಗಿಸುವ ಶಾಪಿನಲ್ಲಿ ಕ್ರೇನಿನ ಕೊಕ್ಕೆಗೆ ಭಾರ ಸಿಕ್ಕಿಸುವ ಕೆಲಸ ಅವನದು. ಸೋಮವಾರ ಬೆಳಗಿನ ಪಾಳಿಯಲ್ಲಿ, ಮೇಲೆತ್ತಿ ನಿಲ್ಲಿಸಿದ್ದ, ಕರಗಿದ ಉಕ್ಕು ಸಾಗಿಸುವ ಖಾಲಿ ಬಾನಿ ಬ್ರೇಕು ಹಿಡಿಯದೆ ಅವನ ಮೇಲೆ ಇಳಿದಿತ್ತು. ಕ್ರೇನಿನ ಗೂಡಿನಲ್ಲಿ ಕೂತು ಅದನ್ನು ನಡೆಸುತ್ತಿದ್ದವಳು ನ್ಯೂರಾ ಎಂಬ ಹುಡುಗಿ. ಇವತ್ತು ಮಧ್ಯಾಹ್ನ ಮೂರಕ್ಕೆ ಆಫೀಸಿನಲ್ಲಿ ವಿಚಾರಣಾ ಸಮಿತಿ ಕೂರುವುದಿತ್ತು. ತಪ್ಪು ನ್ಯೂರಾಳದು ಎಂದಾದರೆ ಅವಳು ಜೈಲಿಗೆ. ಬ್ರೇಕಿನದು ಎಂದಾದರೆ, ಬ್ರೇಕು ಬದಲಿಸಲು ಬಿಡದವನು ಯಾರು ಎಂಬ ಪ್ರಶ್ನೆ ಏಳುತ್ತದೆ.

ಬಿಡದವನು ಕಾರ್ಖಾನೆಯ ಯಜಮಾನ ಯೆಫಿಮ್. ಬೇಸಿಗೆಯ ಕೊನೆಗೆ ಮುಖ್ಯ ಎಂಜಿನಿಯರ್ ಬಂದು, ಎರಡೂ ಕ್ರೇನುಗಳ ಬ್ರೇಕು ಸವೆದಿದೆ, ಶಾಪು ನಿಲ್ಲಿಸಿ ರಿಪೇರಿ ಮಾಡಬೇಕು ಎಂದಿದ್ದ. ಶಾಪು ನಿಂತರೆ ಊರಿನ ಅರ್ಧ ಗಂಡಸರು ಅರ್ಧ ಸಂಬಳದಲ್ಲಿ ಮನೆಯಲ್ಲಿ ಕೂರಬೇಕು. ಹಾಗೆ ಕೂತವರು ಯಾರಿಗೆ ಮತ ಹಾಕುತ್ತಾರೆ ಎಂದು ಹೇಳಲು ಆರ್ತುರ್ ಬೇಕಾಗಿರಲಿಲ್ಲ. “ಚುನಾವಣೆ ಮುಗೀಲಿ, ನೋಡೋಣ,” ಎಂದಿದ್ದ ಯೆಫಿಮ್. ಕೋಣೆಯಲ್ಲಿ ಇಬ್ಬರೇ ಇದ್ದರು. ಎಂಜಿನಿಯರ್ ಬಾಯಿ ಬಿಡುವ ಪೈಕಿಯಲ್ಲ. ಈಗ ಒಂದು ಕ್ರೇನಿಗೆ ಸಮಿತಿಯವರು ಬೀಗ ಜಡಿದಿದ್ದರು; ಇನ್ನೊಂದು ಎರಡರ ಕೆಲಸವನ್ನೂ ಒಂದೇ ಎಳೆಯುತ್ತಿತ್ತು.

ನಿನ್ನೆ ಸಂಜೆ ಅವನೇ ಯೆಗೋರನ ತಾಯಿ ತಮಾರಾ ಲುಕಿನಿಚ್ನಾಗೆ ಫೋನು ಮಾಡಿದ್ದ. ನಿವೃತ್ತಿಯಾಗುವವರೆಗೂ ಆ ಕ್ರೇನನ್ನು ನಡೆಸಿದವಳು ಅವಳು. ನ್ಯೂರಾಗೆ ಕೆಲಸ ಕಲಿಸಿದ್ದೂ ಅವಳೇ. ‘ಹುಡುಗಿ ಮೈಮರೆತಳು’ ಎಂದು ಅವಳು ಒಂದು ಮಾತು ಹೇಳಿದರೆ ಸಮಿತಿ ತುಟಿ ಎರಡು ಮಾಡದೆ ಒಪ್ಪುತ್ತದೆ.

“ಬ್ರೇಕು ಸರಿ ಇತ್ತಾ ಫಿಮಾ?” ಎಂದು ಕೇಳಿದ್ದಳು.

“ಸರಿ ಇತ್ತು ತೋಮಕ್ಕಾ.”

“ನೀನು ಹೇಳ್ತಿದ್ದೀಯ ಅಂದ್ಮೇಲೆ ಸರಿ,” ಎಂದು ಫೋನಿಟ್ಟಿದ್ದಳು.

ಕಾರ್ಖಾನೆಯ ಊಟದ ಹಾಲಿನಲ್ಲಿ ಉದ್ದಕ್ಕೆ ಮೇಜುಗಳನ್ನು ಜೋಡಿಸಿದ್ದರು. ಸ್ಮಶಾನದಿಂದ ಬಂದವರ ಬೂಟಿನ ಕೆಸರು ನೆಲವೆಲ್ಲ ಹರಡಿತ್ತು. ಮೇಜಿನ ತಲೆಯಲ್ಲಿ ಯೆಗೋರನ ಚಿತ್ರ, ಅದರ ಮುಂದೆ ಸತ್ತವನ ಪಾಲಿಗೆ ವೋಡ್ಕಾ ತುಂಬಿಟ್ಟ ಒಂದು ಗ್ಲಾಸು, ಗ್ಲಾಸಿನ ಬಾಯಿಗೆ ಮುಚ್ಚಿದ ಕಪ್ಪು ರೊಟ್ಟಿಯ ಚೂರು. ಯೆಫಿಮ್ ಒಳಗೆ ಬಂದಾಗ ಚಮಚಗಳ ಸದ್ದು ತಗ್ಗಿತು. ಕೆಲವರು ಎದ್ದರು. ಹಳೆಯ ವೆಲ್ಡರ್ ಪಖೋಮ್ ಏಳಲಿಲ್ಲ.

“ಸರ್ಕೊಳ್ರೋ, ಗವರ್ನರ್ ಸಾಹೇಬ್ರು ಬಂದ್ರು,” ಎಂದ ಪಖೋಮ್. “ಬೆಂಚು ಗಟ್ಟಿ ಇದೆಯಾ ನೋಡಿ. ಅವ್ರು ಈಗ ಮೆತ್ತಗಿರೋದರ ಮೇಲೇ ಕೂತು ಅಭ್ಯಾಸ.”

“ನಿನ್ನ ನಾಲಿಗೆ ಇನ್ನೂ ತುಕ್ಕು ಹಿಡಿದಿಲ್ಲ ನೋಡು,” ಎಂದ ಯೆಫಿಮ್.

“ದಿನಾ ಎಣ್ಣೆ ಬಿಡ್ತೀನಲ್ಲ.”

ಒಂದಿಬ್ಬರು ಮೂಗಿನಲ್ಲೇ ನಕ್ಕರು. ಯೆಫಿಮ್‌ನ ಹೆಗಲು ಸ್ವಲ್ಪ ಸಡಿಲವಾಯಿತು. ಇವರ ನಡುವೆ ಹೇಗಿರಬೇಕು ಎಂಬುದನ್ನು ಯಾರೂ ಅವನಿಗೆ ಕಲಿಸಬೇಕಾಗಿರಲಿಲ್ಲ. ಇದೇ ಹಾಲಿನಲ್ಲಿ ಅವನು ವರ್ಷಗಟ್ಟಲೆ ಎಲೆಕೋಸಿನ ಸೂಪು ಕುಡಿದಿದ್ದ. ಯೆಗೋರ್ ಮಾಡುತ್ತಿದ್ದ ಕೆಲಸವನ್ನೇ ಮಾಡಿದ್ದ. ಹಳೆಯ ಸರ್ಕಾರ ಬಿದ್ದು ಕಾರ್ಖಾನೆಯ ಷೇರು ಚೀಟಿಗಳನ್ನು ಜನ ಹೊಟ್ಟೆಪಾಡಿಗೆ ಮಾರುತ್ತಿದ್ದಾಗ ಅವನು ಕೊಂಡ, ಕೊಳ್ಳುತ್ತಲೇ ಹೋದ. ಹೊರಗಿನವರು ಬಂದು ಕುಲುಮೆ ಆರಿಸಿ ಗುಜರಿಗೆ ಹಾಕುವುದನ್ನು ತಪ್ಪಿಸಿದ. ಅದಕ್ಕೇ ಊರು ಅವನನ್ನು ಬೈದರೂ ನಮ್ಮವನು ಎನ್ನುತ್ತಿತ್ತು.

ತಮಾರಾ ಕಪ್ಪು ಸ್ಕಾರ್ಫು ಬಿಗಿದುಕೊಂಡು ಚಿತ್ರದ ಪಕ್ಕ ಕೂತಿದ್ದಳು. ಅವನು ಬಗ್ಗಿ ಅವಳನ್ನು ಅಪ್ಪಿಕೊಂಡ. ಅವಳು ಜೇನು, ಒಣದ್ರಾಕ್ಷಿ ಬೆರೆಸಿದ ಗೋಧಿಯ ಬಟ್ಟಲನ್ನು ಅವನ ಮುಂದೆ ಸರಿಸಿದಳು. “ಮೊದಲು ಇದನ್ನ ಒಂದು ಚಮಚ ತಿನ್ನು.”

ತಿಂದ. ಆಗಲೇ ಅವನಿಗೆ ನ್ಯೂರಾ ಕಣ್ಣಿಗೆ ಬಿದ್ದದ್ದು. ಅಡುಗೆಮನೆಯ ಬಾಗಿಲ ಬಳಿ, ಮೇಜಿನ ಕೊಟ್ಟಕೊನೆಯಲ್ಲಿ ಕೂತಿದ್ದಳು. ಅವಳ ಎರಡೂ ಪಕ್ಕ ಬೆಂಚು ಖಾಲಿ. ತಟ್ಟೆ ಇತ್ತು, ಕೈ ಮಡಿಲಲ್ಲಿತ್ತು. ಯಾರೂ ಅವಳನ್ನು ನೋಡುತ್ತಿರಲಿಲ್ಲ, ಆದರೆ ಎಲ್ಲರಿಗೂ ಅವಳು ಅಲ್ಲಿರುವುದು ಗೊತ್ತಿತ್ತು. ಇನ್ನೇನು ಮೂರು ಗಂಟೆಯಾದರೆ ಎಲ್ಲ ಮುಗಿಯುತ್ತದೆ ಎಂದುಕೊಂಡ ಯೆಫಿಮ್. ಒಳ್ಳೆಯ ವಕೀಲನನ್ನು ಇಟ್ಟುಕೊಡುತ್ತೇನೆ, ಹೊರಗೆ ಬಂದ ಮೇಲೆ ಬೇರೆ ಊರಲ್ಲಿ ಕೆಲಸ ಕೊಡಿಸುತ್ತೇನೆ.

ಆರ್ತುರ್ ಮೇಜಿನ ಕೆಳಗೆ ಅವನ ಕಾಲು ಒತ್ತಿದ. ಯೆಫಿಮ್ ಗ್ಲಾಸು ಹಿಡಿದು ಎದ್ದ.

“ಯೆಗೋರ್ ನಮ್ಮ ಹುಡುಗ,” ಎಂದ. “ನಾನು ನಿಂತಿದ್ದ ಜಾಗದಲ್ಲೇ ನಿಂತು ಕೆಲಸ ಮಾಡಿದವನು. ಇಂಥ ತಾಯಿ ಹೆತ್ತ ಮಗ. ಈ ಮನೆಯ ಜೊತೆ ನಾನಿದ್ದೀನಿ, ಕಾರ್ಖಾನೆ ಇದೆ.” ಮಾತು ತಾನಾಗಿ ಬರುತ್ತಿತ್ತು. ಒಂದು ತಿಂಗಳಿಂದ ದಿನಕ್ಕೆ ಮೂರು ಊರು, ಮೂರು ಮೇಜು. ಹೈನುಗಾರರು, ಶಿಕ್ಷಕಿಯರು, ಹಳೆಯ ಸೈನಿಕರು. ಎಲ್ಲ ಕಡೆ ಇದೇ ದನಿ, ಕೊನೆಗೆ ಇದೇ ತಗ್ಗು, ಆಮೇಲೆ ಪಕ್ಕದವರ ಕಡೆ ಅರ್ಧ ತಿರುಗಿ ಒಂದು ನಗೆ. ಅವನು ತಮಾರಾಳ ಕಡೆ ತಿರುಗಿದ. ಕೈ ಮುಂದೆ ಹೋಯಿತು. ಅವಳ ಕೈಲಿದ್ದ ಗ್ಲಾಸಿಗೆ ಅವನ ಗ್ಲಾಸು ಟಣ್ ಎಂದು ತಾಗಿತು.

ಸಣ್ಣ ಸದ್ದು. ಹಾಲಿನ ಕೊನೆಯವರೆಗೂ ಕೇಳಿಸಿತು.

ಬಡಿಸುತ್ತಿದ್ದ ಹೆಂಗಸೊಬ್ಬಳು ಪಾತ್ರೆ ಹಿಡಿದು ನಿಂತಲ್ಲೇ ನಿಂತಳು. ಪಖೋಮ್ ತಲೆ ತಗ್ಗಿಸಿದ. ತಮಾರಾ ತನ್ನ ಗ್ಲಾಸನ್ನೇ ನೋಡಿದಳು, ಅದು ಒಡೆದುಹೋಗಿದೆಯೇ ಎಂಬಂತೆ.

“ಯಾರ ಆರೋಗ್ಯಕ್ಕೆ ಫಿಮಾ?” ಎಂದಳು.

ಯೆಫಿಮ್ ಗ್ಲಾಸನ್ನು ಮೇಜಿನ ಮೇಲಿಟ್ಟ.

“ಯೆಫಿಮ್ ಸವೇಲಿಚ್‌ಗೆ ಮೂರು ದಿನದಿಂದ ನಿದ್ದೆ ಇಲ್ಲಮ್ಮ,” ಎಂದ ಆರ್ತುರ್.

“ನಿನ್ನನ್ನ ಕೇಳ್ಲಿಲ್ಲಪ್ಪ.” ಅವಳು ದನಿ ಏರಿಸಲಿಲ್ಲ. “ಫಿಮಾ, ನಿಂಗೆ ಇಪ್ಪತ್ತು ತುಂಬಿರ್ಲಿಲ್ಲ. ಬಾನಿ ಕೆಳಗೆ ನಿಂತು ಯಾವಳ ಜೊತೆಗೋ ಹಲ್ಲು ಬಿಡ್ತಿದ್ದೆ. ನಾನು ಗಂಟೆ ಹೊಡೆದೆ, ಹೊಡೆದೆ, ನಿಂಗೆ ಕೇಳ್ಲಿಲ್ಲ. ನಿನ್ನ ಟೋಪಿ ಮುಟ್ಟೋ ಅಷ್ಟರಲ್ಲಿ ಬ್ರೇಕು ಹಿಡೀತು. ನೆನಪಿದೆಯಾ?”

“ಇದೆ.”

“ಅವತ್ತು ಬ್ರೇಕು ಸರಿ ಇತ್ತು.” ಅವಳು ಕೈ ಚಾಚಿ, ರೊಟ್ಟಿ ಮುಚ್ಚಿದ ಗ್ಲಾಸನ್ನು ಎರಡು ಬೆರಳಲ್ಲಿ ಮೆಲ್ಲಗೆ ಅವನ ಮುಂದಕ್ಕೆ ತಳ್ಳಿದಳು. “ನಿನ್ನೆ ನಾನು ನಿನ್ನ ಮಾತು ನಂಬಿದೆ. ನಮ್ಮವನಲ್ವಾ ಅಂತ. ನಮ್ಮವನು ಸಾವಿನ ಮೇಜಲ್ಲಿ ಗ್ಲಾಸು ತಾಗಿಸಲ್ಲ. ಮೂರು ಗಂಟೆಗೆ ಹೋಗಿ ತಪ್ಪನ್ನ ಆ ಹುಡುಗಿ ತಲೆ ಮೇಲೆ ಹಾಕೋಳಿದ್ದೆ. ಈಗ ಇವನ ಗ್ಲಾಸಿನ ಮುಂದೆ ಹೇಳು. ಸೋಮವಾರ ಸರಿ ಇತ್ತಾ?”

ಹೊರಗೆ ಶಾಪಿನ ಕಡೆಯಿಂದ ಎರಡನೇ ಕ್ರೇನಿನ ಗಂಟೆ ಕೇಳಿಸಿತು. ಭಾರ ಎತ್ತುತ್ತಿದ್ದಾರೆ. ಇಲ್ಲಿ ಕೂತ ಹೆಂಗಸರಲ್ಲಿ ಹಲವರ ಗಂಡಂದಿರು ಈ ಪಾಳಿಯಲ್ಲಿದ್ದರು.

ಸರಿ ಇತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂತು. ನಿನ್ನೆ ಹೇಳಿದ್ದೇ, ಹೊಸದೇನಲ್ಲ. ಹೇಳಿದರೆ ಇವರಲ್ಲಿ ಅರ್ಧ ಜನ ನಂಬುತ್ತಾರೆ, ಭಾನುವಾರಕ್ಕೆ ಅಷ್ಟು ಸಾಕು. ಆರ್ತುರ್‌ನ ಬೂಟು ಅವನ ಕಾಲನ್ನು ಬಲವಾಗಿ ಒತ್ತುತ್ತಿತ್ತು. ಯೆಫಿಮ್ ಗ್ಲಾಸಿನ ಮೇಲಿನ ರೊಟ್ಟಿಯನ್ನು ನೋಡಿದ. ಅದರ ಅಂಚು ಆಗಲೇ ಒಣಗಿ ಮೇಲೆದ್ದಿತ್ತು. ತನ್ನನ್ನು ಕೇಳದೆ ಕೈ ಮುಂದೆ ಹೋದದ್ದು ಇನ್ನೂ ಮೊಣಕೈಯಲ್ಲಿ ಉಳಿದಂತಿತ್ತು. ಅದು ಯಾರ ಕೈಯೋ ಎನ್ನಿಸಿತು.

“ಇರ್ಲಿಲ್ಲ,” ಎಂದ. “ಸವೆದಿತ್ತು. ಎಂಜಿನಿಯರ್ ಹೇಳಿದ್ದ. ಚುನಾವಣೆ ಮುಗೀಲಿ ಅಂದವನು ನಾನು.”

ಪಖೋಮ್ ನಿಧಾನವಾಗಿ ತಲೆ ಎತ್ತಿದ. “ಮತ್ತೆ ಆ ಎರಡನೇದು?”

“ಅದೂ ಅಷ್ಟೇ.”

ಬೆಂಚುಗಳು ಕಿರುಗುಟ್ಟಿದವು. ಹೆಂಗಸರು ಎದ್ದು ಕಿಟಕಿಯ ಕಡೆ ಹೋದರು; ಒಬ್ಬಳು ಸ್ಕಾರ್ಫಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಯೆಫಿಮ್ ಫೋನು ತೆಗೆದ. ಆರ್ತುರ್ ಅವನ ಮಣಿಕಟ್ಟು ಹಿಡಿದು ಕಿವಿಯ ಹತ್ತಿರ ಬಾಗಿದ. “ಈಗ ಶಾಪು ನಿಲ್ಸಿದ್ರೆ ಮುಗೀತು. ಭಾನುವಾರಕ್ಕೆ ನನ್ನ ಕೈಲಿ ಏನೂ ಉಳಿಯಲ್ಲ.” ಯೆಫಿಮ್ ಕೈ ಕೊಸರಿಕೊಂಡ. ಶಾಪಿನಲ್ಲಿ ಫೋನು ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಗಂಟೆ ಮತ್ತೆ ಬಾರಿಸಿತು. ಕೊನೆಗೆ ಯಾರೋ ಎತ್ತಿಕೊಂಡರು.

“ಕುಜೋವ್ಲೆವ್ ಮಾತಾಡ್ತಿರೋದು. ಕ್ರೇನ್ ಮೇಲೆ ಈಗ ಏನಿದೆ? ... ತುಂಬಿರೋದಾ? ... ಕೆಳಗಿರೋರನ್ನೆಲ್ಲ ಹೊರಗೆ ಕಳ್ಸು. ಒಬ್ರೂ ಇರ್ಬಾರ್ದು. ಆಮೇಲೆ ನಿಧಾನಕ್ಕೆ ಇಳ್ಸು, ಕೊಕ್ಕೆ ಬಿಡ್ಸು, ಕರೆಂಟು ತೆಗಿ. ... ನಾನು ಹೇಳ್ತಿದ್ದೀನಿ. ಕುಲುಮೆ ಆರಿದ್ರೆ ಆರ್ಲಿ.”

ಅವನು ಫೋನು ಕಿವಿಯಲ್ಲೇ ಇಟ್ಟುಕೊಂಡು ನಿಂತ. ಗಂಟೆ ಬಾರಿಸುತ್ತಿತ್ತು, ಬಿಡದೆ, ಭಾರ ಇಳಿಸುವಾಗ ಬಾರಿಸುವ ಹಾಗೆ. ಮೇಜಿನ ಕೊನೆಯಲ್ಲಿ ನ್ಯೂರಾ ಕಣ್ಣು ಮುಚ್ಚಿಕೊಂಡು, ಗೂಡಿನೊಳಗೆ ತಾನೇ ಕೂತಿರುವಂತೆ, ಬಲಗೈಯನ್ನು ಮೇಜಿನ ಮೇಲೆ ಇಷ್ಟಿಷ್ಟೇ ಹಿಂದಕ್ಕೆ ಎಳೆಯುತ್ತಿದ್ದಳು. ಗಂಟೆ ಒಮ್ಮೆ ತಡವರಿಸಿತು. ಮತ್ತೆ ಬಾರಿಸಿತು. ಆಮೇಲೆ ನಿಂತಿತು.

ಅದರ ಹಿಂದೆಯೇ ಶಾಪಿನ ಗುಂಯ್ ಎನ್ನುವ ಸದ್ದೂ ಅಡಗಿತು. ಹುಟ್ಟಿದಂದಿನಿಂದ ಆ ಸದ್ದಿನಲ್ಲೇ ಬದುಕಿದವರು ಒಬ್ಬರ ಮುಖ ಒಬ್ಬರು ನೋಡಿದರು.

“ಇಳೀತು,” ಎಂದ ಯೆಫಿಮ್. “ಎಲ್ಲರೂ ಹೊರಗಿದ್ದಾರೆ.”

ಆರ್ತುರ್ ಆಗಲೇ ಕೋಟು ಹಾಕಿಕೊಂಡು ಬಾಗಿಲಲ್ಲಿದ್ದ. ಅವನನ್ನು ಯಾರೂ ತಡೆಯಲಿಲ್ಲ.

“ಮೂರು ಗಂಟೆಗೆ ಅಲ್ಲೂ ಇದನ್ನೇ ಹೇಳ್ತೀಯಾ?” ಎಂದು ತಮಾರಾ ಕೇಳಿದಳು.

“ಹೇಳ್ತೀನಿ.”

“ನಾನೂ ಬರ್ತೀನಿ. ಕೇಳಿಸ್ಕೊಳ್ಳೋಕೆ.” ಅವಳು ಅವನ ಕಡೆ ನೋಡದೆ ಬಾಗಿಲ ಬಳಿಗೆ ದನಿ ಹಾಕಿದಳು. “ನ್ಯೂರಾ, ಅಲ್ಲೇನು ಮೂಲೆ ಕಾಯ್ತಿದ್ದೀಯಾ? ನಿನ್ನ ತಟ್ಟೆ ತಗೊಂಡು ಇಲ್ಲಿ ಬಾ.”

ನ್ಯೂರಾ ಬಂದಳು. ತಮಾರಾ, ಯೆಫಿಮ್ ಇಬ್ಬರ ನಡುವೆ ಇದ್ದ ಜಾಗ ಬಿಟ್ಟರೆ ಅಲ್ಲಿ ಬೇರೆ ಇರಲಿಲ್ಲ, ಅಲ್ಲೇ ಕೂತಳು. ಪಖೋಮ್ ಎದ್ದು ಬಂದು ಅವಳಿಗೆ ಸುರಿದ, ತಮಾರಾಗೆ ಸುರಿದ. ಯೆಫಿಮ್‌ನ ಗ್ಲಾಸು ಇನ್ನೂ ತುಂಬಿಯೇ ಇತ್ತು, ಅವನು ಅದನ್ನು ಎತ್ತಿಕೊಂಡ. ಹುಡುಗಿ ತನ್ನದನ್ನು ಎತ್ತಿದಾಗ ಅದು ಅವನ ಗ್ಲಾಸಿನ ಹತ್ತಿರ ಬಂತು. ಯೆಫಿಮ್ ತನ್ನ ಕೈಯನ್ನು ಗಬಕ್ಕನೆ ಹಿಂದಕ್ಕೆಳೆದುಕೊಂಡ. ಬೆರಳ ಮೇಲೆ ವೋಡ್ಕಾ ಚೆಲ್ಲಿತು. ಉಳಿದದ್ದನ್ನು ಯಾರಿಗೂ ತಾಗಿಸದೆ ಕುಡಿದ.